ಅಜ್ಜಿ ಹೇಳಲಿಲ್ಲ, ನಾವು ಕೇಳಲಿಲ್ಲ

(ಜುಲೈ 26, ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದಂದು ನೀಡಿದ ಪ್ರಬೋಧನೆ)



ಇಂದು ಮಾತೆ ಮರಿಯಮ್ಮನವರ ತಂದೆತಾಯಿಗಳೂ ಪ್ರಭು ಯೇಸುವಿನ ಅಜ್ಜ ಅಜ್ಜಿಯರೂ ಆದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ. ನಾಲ್ಕು ಶುಭಸಂದೇಶಗಳನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ ಈ ಇಬ್ಬರ ಹೆಸರು ನಮಗೆ ಸಿಗುವುದಿಲ್ಲ. ಯಾಕೋಬನ ಹೆಸರಿನಲ್ಲಿರುವ, ಎರಡನೆಯ ಶತಮಾನದ ಒಂದು ಹಳೆಯ ಬರಹದಿಂದ ಅವರ ಹೆಸರುಗಳು ನಮಗೆ ತಿಳಿದುಬಂದಿವೆ. ಅದು ಬೈಬಲ್ಲಿಗೆ ಸೇರಿದ ಗ್ರಂಥವಲ್ಲ. ಶುಭಸಂದೇಶದಂತೆ ಅದನ್ನು ನಂಬಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಆದರೂ ಅದರಲ್ಲಿ ಬರುವ ಒಂದು ಪ್ರಸಂಗ ಇಂದಿನ ನಮ್ಮ ಧ್ಯಾನಕ್ಕೆ ತಕ್ಕುದಾಗಿದೆ.

ಜೋಕಿಂ ಕಾಣಿಕೆ ಹಿಡಿದು ದೇವಾಲಯಕ್ಕೆ ಬರುತ್ತಾರೆ. ಮಕ್ಕಳಿಲ್ಲದೆ ವಯಸ್ಸು ಸರಿದುಹೋಗಿದ್ದ ಮನುಷ್ಯ. ಒಬ್ಬನು ಅಡ್ಡ ನಿಂತು, ಸಂತಾನವಿಲ್ಲದ ನಿನಗೆ ಮೊದಲು ಕಾಣಿಕೆ ಕೊಡುವ ಹಕ್ಕಿಲ್ಲವೆಂದು ಹಂಗಿಸುತ್ತಾನೆ. ಆ ಮಾತು ಎದೆಗೆ ನಾಟುತ್ತದೆ. ಜೋಕಿಂ ಮನೆಗೆ ಹೋಗುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ. ನೇರವಾಗಿ ಅಡವಿಗೆ ಹೋಗಿ, ಗುಡಾರ ಹಾಕಿಕೊಂಡು, ನಲವತ್ತು ದಿನ ಉಪವಾಸ ಕೂರುತ್ತಾರೆ. ಇತ್ತ ಅನ್ನಮ್ಮ ಮನೆಯಲ್ಲಿ ಅಳುತ್ತಾ ಕೂರುತ್ತಾರೆ.

ಈ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸೋಣ. ಅವಮಾನ ನಡೆದದ್ದು ಸಂತೆಯಲ್ಲಲ್ಲ, ದೇವಾಲಯದಲ್ಲಿ, ಭಕ್ತರ ನಡುವೆ. ಇನ್ನು ನೊಂದವರು ಯಾರಿಗೂ ಹೇಳಲಿಲ್ಲ. ವಯಸ್ಸಾದವರ ನೋವು ಅಂದೂ ಹೀಗೆಯೇ ಇತ್ತು, ಇಂದೂ ಹೀಗೆಯೇ ಇದೆ. ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಈ ಹಬ್ಬದ ದಿನ ನಿಮ್ಮ ಮುಂದೆ ಇಡಬೇಕೆಂದು ನಾವು ತಂದಿರುವುದು ಇದೊಂದೇ ಮಾತು.

ಒಂದು ಮನೆಯ ಸಂಗತಿ

ಹನ್ನೆರಡು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದೆವು. ಈಗ ಹೇಳುವುದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆ ಮನೆಯವರ ಒಪ್ಪಿಗೆ ಪಡೆದೇ, ಊರು ಹೆಸರು ಬಿಟ್ಟು ಹೇಳುತ್ತಿದ್ದೇವೆ.

ಆ ಮನೆಯ ಯಜಮಾನರು ನಮ್ಮ ಪಾಲನಾ ಸಮಿತಿಯ ಸದಸ್ಯರು. ಭಾನುವಾರದ ಬಲಿಪೂಜೆಯಲ್ಲಿ ವಾಚನ ಓದುತ್ತಿದ್ದವರು, ಹಬ್ಬದ ಖರ್ಚಿಗೆ ಎಲ್ಲರಿಗಿಂತ ಮೊದಲು ಕೈ ನೀಡುತ್ತಿದ್ದವರು. ಹೊಸ ತಾರಸಿ ಮನೆ ಕಟ್ಟಿಸಿ ನಮ್ಮನ್ನು ಕರೆದರು. ನಾವು ಹೋಗಿ, ಕೋಣೆ ಕೋಣೆಗೂ ತೀರ್ಥ ಚಿಮುಕಿಸಿ ಮನೆ ಮಂತ್ರಿಸಿದೆವು, ಊಟ ಮಾಡಿ ಬಂದೆವು. ಅಷ್ಟು ಕೋಣೆಗಳಲ್ಲಿ ಒಂದರಲ್ಲೂ ಅವರ ತಾಯಿಯ ಮಂಚ ಇರಲಿಲ್ಲ ಎಂಬುದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಅಜ್ಜಿ ಹಿತ್ತಲ ಹಳೆಯ ಹೆಂಚಿನ ಮನೆಯಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿದ್ದರು. ಪ್ರತಿ ತಿಂಗಳ ಮೊದಲ ಶುಕ್ರವಾರ ನಾವು ಅವರಿಗೆ ಪರಮಪ್ರಸಾದ ಒಯ್ಯುತ್ತಿದ್ದೆವು. ಪ್ರತಿ ಸಲವೂ ಮಗನೋ ಸೊಸೆಯೋ ಪಕ್ಕದಲ್ಲೇ ನಿಂತಿರುತ್ತಿದ್ದರು. "ಹೇಗಿದ್ದೀರಿ ಅಜ್ಜಿ?" ಎಂದು ನಾವು ಕೇಳುತ್ತಿದ್ದೆವು. "ದೇವ್ರು ಮಡಗ್ದಂಗೆ ಇವ್ನಿ ಸ್ವಾಮಿ" ಎನ್ನುತ್ತಿದ್ದರು. ನಾವು ಅದನ್ನು ಭಕ್ತಿಯ ಮಾತೆಂದು ತಿಳಿದು ಸಂತೋಷಪಡುತ್ತಿದ್ದೆವು. ಒಂದು ತಿಂಗಳು ಅವರ ಮುಂಗೈ ಕಪ್ಪಾಗಿತ್ತು. ಬಚ್ಚಲಲ್ಲಿ ಜಾರಿದರು ಎಂದು ಮಗ ಹೇಳಿದರು. ನಂಬಿದೆವು. ಇನ್ನೊಂದು ತಿಂಗಳು ಎಡಗೈ ಹೆಬ್ಬೆರಳಿಗೆ ನೀಲಿ ಶಾಯಿ ಅಂಟಿತ್ತು. ಅದನ್ನೂ ನೋಡಿದೆವು. ಯಾಕೆಂದು ಕೇಳಲಿಲ್ಲ.

ಕೇಳಿದವರು ನಮ್ಮ ಚಿಕಿತ್ಸಾಲಯದ ಸಿಸ್ಟರ್. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ಹೋದವರು ಬಿಸಿನೀರು ತರುವಂತೆ ಸೊಸೆಯನ್ನು ಒಳಗೆ ಕಳುಹಿಸಿದರು. ಅಜ್ಜಿಯ ಪಕ್ಕ ನೆಲದ ಮೇಲೆ ಕುಳಿತು, "ಅಮ್ಮಾ, ಇಲ್ಲಿ ಯಾರಿಗಾದರೂ ಹೆದರುತ್ತೀಯಾ?" ಎಂದು ಮೆಲ್ಲಗೆ ಕೇಳಿದರು. ಅಜ್ಜಿ ಅಳತೊಡಗಿದರು. ಮನೆಯವರು ಹೊಲಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು. ಊಟ ದಿನಕ್ಕೊಂದು ಸಲ. ಪಿಂಚಣಿಯ ಹಣ ಅವರ ಕೈ ಸೇರಿ ಎರಡು ವರ್ಷವಾಗಿತ್ತು. ಗಂಡ ಬಿಟ್ಟುಹೋಗಿದ್ದ ಒಂದೂವರೆ ಎಕರೆಯನ್ನು, ಏನೆಂದು ತಿಳಿಸದೆ, ಹೆಬ್ಬೆಟ್ಟು ಒತ್ತಿಸಿಕೊಂಡು ಬರೆಸಿಕೊಂಡಿದ್ದರು.

ಇಷ್ಟೆಲ್ಲ ಹೇಳಿದ ಅಜ್ಜಿ ಕೊನೆಗೆ ಸಿಸ್ಟರಿನ ಕೈ ಹಿಡಿದು ಬೇಡಿಕೊಂಡದ್ದು ಏನು ಗೊತ್ತೇ? "ಸ್ವಾಮಿಯೋರ್ಗೆ ಮಾತ್ರ ಹೇಳ್ಬ್ಯಾಡಿ ಕಣಮ್ಮ. ನನ್ನ ಮಗ ಗುಡೀಲಿ ಓದೋನು. ಅವ್ನ ಮರ್ವಾದೆ ಹೋಯ್ತದೆ."

ಪ್ರಿಯರೇ, ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಕಷ್ಟ ಹೇಳಿಕೊಳ್ಳಲು ಮೊದಲು ನೆನಪಾಗಬೇಕಾದವರು ನಾವು. ಆ ತಾಯಿಗೆ ಮಾತ್ರ ನಾವು ಎಲ್ಲರಿಗಿಂತ ಕೊನೆಯವರಾಗಿದ್ದೆವು. ಪರಮಪ್ರಸಾದ ಹಿಡಿದು ತಿಂಗಳು ತಿಂಗಳೂ ಅವರ ಬಾಗಿಲಿಗೆ ಹೋಗಿದ್ದೆವು. ಆ ಬಾಗಿಲಿಗೆ ಹೊರಗಿನಿಂದ ಚಿಲಕ ಬೀಗ ಇದ್ದದ್ದು ನಮಗೆ ಕಾಣಲಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

ಇದು ಒಂದು ಮನೆಯ ಕಥೆ, ಕೆಟ್ಟ ಮಗನ ಕಥೆ ಎಂದು ಬಿಟ್ಟುಬಿಡಬಹುದು. ಆದರೆ ಲೋಕದ ಅನೇಕ ದೇಶಗಳಲ್ಲಿ ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿದ ವಿಷಯಗಳು ಹಾಗೆ ಹೇಳಲು ಬಿಡುವುದಿಲ್ಲ.

ಮನೆಯೊಳಗೆ ಹಿರಿಯರನ್ನು ಹೊಡೆಯುವುದುಂಟು ಎಂಬುದನ್ನು ವೈದ್ಯಲೋಕ ಬಾಯಿಬಿಟ್ಟು ಒಪ್ಪಿಕೊಂಡದ್ದೇ ತಡವಾಗಿ. 1975ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಗಳಲ್ಲಿ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಬರೆದು ಎಚ್ಚರಿಸಿದರು: ಬಿದ್ದು ಗಾಯವಾಯಿತೆಂದು ಆಸ್ಪತ್ರೆಗೆ ಬರುವ ಅಜ್ಜಿಯರೆಲ್ಲ ಬಿದ್ದವರಲ್ಲ. 2002ರಲ್ಲಿ ಕೆನಡಾದ ಟೊರಾಂಟೋ ಘೋಷಣೆ ಇದಕ್ಕೊಂದು ಸ್ಪಷ್ಟ ಅರ್ಥ ಕೊಟ್ಟಿತು. ಅದರ ಸಾರ ಇಷ್ಟು: ವಿಶ್ವಾಸವಿಡಬೇಕಾದ ಸಂಬಂಧದೊಳಗೆ ಒಂದು ಸಲವಾಗಲಿ ಪದೇ ಪದೇ ಆಗಲಿ ಮಾಡಿದ ಕೃತ್ಯ, ಇಲ್ಲವೇ ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದು, ಹಿರಿಯರಿಗೆ ಹಾನಿ ಅಥವಾ ಸಂಕಟ ತಂದರೆ ಅದು ದೌರ್ಜನ್ಯ. ಮಾಡದೆ ಬಿಟ್ಟದ್ದೂ ದೌರ್ಜನ್ಯವೇ. ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು, ಕರ್ತವ್ಯಲೋಪದಿಂದಲೂ ಪಾಪಮಾಡಿದ್ದೇವೆಂದು ಒಪ್ಪಿಕೊಳ್ಳುವ ನಮಗೆ ಇದು ಹೊಸ ವಿಷಯವಲ್ಲ.

ಅದೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಎಂಟು ದೇಶಗಳ ಹಿರಿಯರ ಮಾತುಗಳನ್ನೇ ಕೇಳಿ ಒಂದು ವರದಿ ಪ್ರಕಟಿಸಿತು. ಹಿರಿಯರು ಏಟುಗಳ ಬಗ್ಗೆ ಮಾತ್ರ ಹೇಳಲಿಲ್ಲ. ತಮ್ಮನ್ನು ಕಡೆಗಣಿಸುವುದು, ಹಕ್ಕುಗಳನ್ನು ತುಳಿಯುವುದು, ಹಣ, ತೀರ್ಮಾನ, ಮರ್ಯಾದೆ ಇವುಗಳನ್ನು ಕಸಿದುಕೊಳ್ಳುವುದು, ಇವೇ ಅವರ ದೂರುಗಳಾಗಿದ್ದವು.

2017ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕದ ಪ್ರಕಾರ, 60 ದಾಟಿದ ಪ್ರತಿ 6 ಮಂದಿಯಲ್ಲಿ ಸುಮಾರು ಒಬ್ಬರು ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯ ಅನುಭವಿಸಿದ್ದರು. ನಮ್ಮ ದೇಶದಲ್ಲಿ 2017-18ರಲ್ಲಿ, 45 ವರ್ಷ ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಭೇಟಿಮಾಡಿ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ, ಹಿರಿಯರ ಪೈಕಿ ಶೇಕಡಾ 5ರಷ್ಟು ಮಂದಿ ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡಿದ್ದಾರೆಂದು ಹೇಳಿದರು. 2011ರ ಜನಗಣತಿಯಲ್ಲೇ ಭಾರತದಲ್ಲಿ 60 ದಾಟಿದವರು 10 ಕೋಟಿಗೂ ಮೇಲಿದ್ದರು. ನೂರಕ್ಕೆ ಐದು ಎಂದರೂ ಅರ್ಧ ಕೋಟಿ ಜನ. ಅದೂ ಬಾಯಿಬಿಟ್ಟು ಹೇಳಿದವರ ಲೆಕ್ಕ. ಹೇಳದವರೆಷ್ಟು? ಅಮೆರಿಕದ ನ್ಯೂಯಾರ್ಕ್ ರಾಜ್ಯದ 2011ರ ಅಧ್ಯಯನವೊಂದು, ಅಧಿಕಾರಿಗಳ ಗಮನಕ್ಕೆ ಬಂದ ಪ್ರತಿ ಒಂದು ಪ್ರಕರಣಕ್ಕೆ ಸುಮಾರು 24 ಪ್ರಕರಣಗಳು ಬೆಳಕಿಗೇ ಬಾರದೆ ಉಳಿದಿದ್ದವೆಂದು ಕಂಡುಕೊಂಡಿತು. ಅಲ್ಲಿನ ಲೆಕ್ಕ ಅಲ್ಲಿಯದು, ನಿಜ. ಆದರೆ "ಮಗನ ಮರ್ಯಾದೆ ಹೋಗುತ್ತದೆ" ಎಂದು ತುಟಿ ಬಿಗಿಹಿಡಿಯುವ ತಾಯಂದಿರು ನಮ್ಮಲ್ಲಿ ಕಡಿಮೆಯೇ?

ಇದು ಎಲ್ಲಿ ಹೆಚ್ಚು ನಡೆಯುತ್ತದೆ ಎಂಬುದನ್ನೂ ಅಧ್ಯಯನಗಳು ತೋರಿಸಿವೆ. ಕುಡಿತ ಇರುವ ಮನೆಯಲ್ಲಿ; ದುಡಿಮೆಯಿಲ್ಲದ ಮಗ ಮುದಿ ತಂದೆಯ ಪಿಂಚಣಿಯ ಮೇಲೆಯೇ ಬದುಕುವಲ್ಲಿ; ಮರೆವಿನ ರೋಗ ಬಂದು ಹಿರಿಯರು ರಾತ್ರಿ ಹಗಲು ತಿಳಿಯದೆ ಕೂಗುವಲ್ಲಿ; ನೋಡಿಕೊಳ್ಳುವವರು ಒಬ್ಬರೇ ಇದ್ದು ದಣಿದುಹೋಗಿರುವಲ್ಲಿ; ನೆಂಟರಿಷ್ಟರು ಬಂದುಹೋಗದ, ನಾಲ್ಕು ಗೋಡೆಗಳೇ ಲೋಕವಾದ ಮನೆಯಲ್ಲಿ. ಹಿರಿಯರಿಗೆ ಕಷ್ಟವೆಂದಾಗ ಎಲ್ಲ ತಪ್ಪನ್ನೂ ಸೊಸೆಯ ತಲೆಗೆ ಕಟ್ಟುವುದು ನಮ್ಮ ಹಳೆಯ ರೂಢಿ. ಸಹೋದರರೇ, ಬೀಗ ಹಾಕಿದ್ದು ಸೊಸೆಯ ಕೈ ಇರಬಹುದು. ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಮಗನೇ. ಹಗಲೆಲ್ಲ ಮುದುಕಿಯ ಮಲಮೂತ್ರ ಬಾಚಿದ ಸೊಸೆಯನ್ನು ಒಂದು ದಿನ ಬಿಡುವು ಕೊಟ್ಟು ಕಳುಹಿಸಿದವರು ಯಾರಾದರೂ ಇದ್ದರೇ?

ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ವೃದ್ಧಾಶ್ರಮಗಳಂಥ ಕಡೆ ದುಡಿಯುವ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು, ಒಂದು ವರ್ಷದಲ್ಲಿ ಒಮ್ಮೆಯಾದರೂ ಹಿರಿಯರೊಡನೆ ತಪ್ಪಾಗಿ ನಡೆದುಕೊಂಡಿದ್ದೇವೆಂದು ತಾವೇ ಒಪ್ಪಿಕೊಂಡದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಿಲುಬೆ ನೇತುಹಾಕಿದ ಕಟ್ಟಡವೆಂಬ ಒಂದೇ ಕಾರಣಕ್ಕೆ ನಮ್ಮ ಆಶ್ರಮಗಳಲ್ಲಿ ಇದು ಇರಲಾರದೆಂದು ನಾವು ಸುಮ್ಮನಿರಬಾರದು.

ಕೊರ್ಬಾನ್ ಎಂಬ ನೆಪ

ಈಗ ಪ್ರಭುವಿನ ಮಾತಿಗೆ ಬರೋಣ. ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಫರಿಸಾಯರನ್ನು ಕಟುವಾಗಿ ಖಂಡಿಸುತ್ತಾರೆ. ಅಂದು ಕೆಲವರು ತಮ್ಮ ಸೊತ್ತನ್ನು "ಕೊರ್ಬಾನ್" ಎನ್ನುತ್ತಿದ್ದರು. ಅಂದರೆ ದೇವರಿಗೆ ಮುಡಿಪು. ಒಮ್ಮೆ ಹಾಗೆಂದುಬಿಟ್ಟರೆ ಮುದಿ ತಂದೆತಾಯಿಗೆ ಅದರಿಂದ ಏನನ್ನೂ ಕೊಡಬೇಕಾಗಿರಲಿಲ್ಲ. ದೇವರ ಹೆಸರಿನಲ್ಲೇ ದೇವರ ಕಟ್ಟಳೆಯನ್ನು ಮುರಿಯುವ ಉಪಾಯ ಅದು. ಇದನ್ನು ಪ್ರಭು ಸಹಿಸಲಿಲ್ಲ.

ನಮ್ಮ ಆ ಸದಸ್ಯರು ಹಬ್ಬಕ್ಕೆ ಕೊಟ್ಟ ಕಾಣಿಕೆಯನ್ನು ನಾವು ಪೀಠದ ಬಳಿ ನಿಂತು ಹೆಸರು ಹೇಳಿ ಓದಿದ್ದೆವು. ಜನ ಚಪ್ಪಾಳೆ ತಟ್ಟಿದ್ದರು. ಅದರಲ್ಲಿ ಆ ಅಜ್ಜಿಯ ಪಿಂಚಣಿಯ ಪಾಲೂ ಇತ್ತೇ ಎಂದು ಈಗ ಯೋಚಿಸಿದರೆ ಮೈ ನಡುಗುತ್ತದೆ. ಆದ್ದರಿಂದ ಇಂದು ಬಹಿರಂಗವಾಗಿ ಹೇಳುತ್ತೇವೆ: ತಾಯಿಯ ಕನ್ನಡಕ ಒಡೆದು ಬಿದ್ದಿರುವಾಗ, ತಂದೆಯ ರಕ್ತದೊತ್ತಡದ ಮಾತ್ರೆ ಮುಗಿದಿರುವಾಗ, ನಮಗೆ ನಿಮ್ಮ ತೇರಿನ ಹೂವಿನ ಹಣ ಬೇಡ. ಮೊದಲು ಮಾತ್ರೆ ತನ್ನಿ. ದೇವಮಾತೆ ಹೂವಿಲ್ಲದೆ ಕಾಯುವರು.

ಶಿಲುಬೆಯ ಮೇಲೆ ತೂಗಾಡುತ್ತಾ ಪ್ರಾಣ ಬಿಡುವ ಹೊತ್ತಿನಲ್ಲೂ ಯೇಸುಸ್ವಾಮಿ ಮಾಡಿದ ಕೊನೆಯ ಕೆಲಸಗಳಲ್ಲಿ ಒಂದು, ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸಿದ್ದು. ಅಂದಿನಿಂದ ಆ ಶಿಷ್ಯನು ಆಕೆಯನ್ನು ಕರೆದೊಯ್ದದ್ದು ಹಿತ್ತಲಿಗಲ್ಲ, ತನ್ನ ಸ್ವಂತ ಮನೆಗೆ.

ಕಲಿಯಬೇಕಾದದ್ದು, ಕಲಿಸಬೇಕಾದದ್ದು

ನಾಲ್ಕನೆಯ ಕಟ್ಟಳೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಹೇಗೆ ಕಲಿಸುತ್ತೇವೆ? ಅಪ್ಪ ಅಮ್ಮ ಹೇಳಿದ ಹಾಗೆ ಕೇಳಬೇಕು, ಎದುರು ಮಾತನಾಡಬಾರದು, ಅಷ್ಟೆ. ಹೊಸ ಉಪನಯನ ಪಡೆದ ಮಕ್ಕಳಂತೆ ಬಾಯಿಪಾಠ ಒಪ್ಪಿಸಿ ಮನೆಗೆ ಹೋಗುತ್ತಾರೆ. ಆದರೆ ಈ ಕಟ್ಟಳೆ ಬೆಳೆದ ಮಕ್ಕಳಿಗೂ ಸೇರಿದ್ದು. ಮುಪ್ಪಿನಲ್ಲಿ, ಕಾಯಿಲೆಯಲ್ಲಿ, ಒಂಟಿತನದಲ್ಲಿ ತಂದೆತಾಯಿಗೆ ಕೈಲಾದ ಮಟ್ಟಿಗೆ ಅನ್ನವೂ ಆಸರೆಯೂ ಆಗಬೇಕೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಬೋಧಿಸುತ್ತದೆ. ಮದುವೆಗೆ ಸಿದ್ಧರಾಗುವ ಯುವಕ ಯುವತಿಯರ ತರಬೇತಿಯಲ್ಲಿ ಈ ವರ್ಷದಿಂದ ಇದಕ್ಕೊಂದು ಗಂಟೆ ಮೀಸಲಿಡುತ್ತೇವೆ. ಅತ್ತೆ ಮಾವನ ಔಷಧಿ ಯಾರ ಜವಾಬ್ದಾರಿ, ಮರೆವಿನ ರೋಗವೆಂದರೇನು, ಕೋಪ ಬಂದಾಗ ಕೋಣೆಯಿಂದ ಹೊರಗೆ ಬರುವುದು ಹೇಗೆ, ಇವೆಲ್ಲ ಮದುವೆಗೆ ಮೊದಲೇ ಮಾತಾಡಬೇಕಾದ ವಿಷಯಗಳು.

ಮರೆವಿನ ರೋಗದ ಬಗ್ಗೆ ಇನ್ನೊಂದು ಮಾತು. ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರಬೇಕು, ನಿನಗೆ ಶಕ್ತಿಯಿದೆಯೆಂದು ಹೀಗಳೆಯಬಾರದು ಎಂದು ಸಿರಾಖನ ಗ್ರಂಥದ 3ನೆಯ ಅಧ್ಯಾಯ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬುದ್ಧಿ ಹೇಳಿದೆ. ಅಜ್ಜ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವುದು ಹಠದಿಂದಲ್ಲ, ಅದು ಕಾಯಿಲೆ. ಇದು ತಿಳಿದರೆ ಎಷ್ಟೋ ಏಟುಗಳು ತಪ್ಪುತ್ತವೆ.

ಹಿರಿಯರೇ, ನೀವೂ ಕಲಿಯಬೇಕಾದದ್ದಿದೆ. ಅದೇ ಸಿರಾಖನ ಗ್ರಂಥದ 33ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿಸಿ ಕೇಳಿ. ಉಸಿರಿರುವವರೆಗೆ ನಿನ್ನ ಆಸ್ತಿಯನ್ನು ಪೂರ್ತಿ ಬಿಟ್ಟುಕೊಟ್ಟು ಮಕ್ಕಳ ಕೈ ನೋಡುವಂತಾಗಬೇಡ, ಅವರು ನಿನ್ನನ್ನು ಕೇಳುವಂತಿರುವುದೇ ಲೇಸು ಎಂಬುದು ಅಲ್ಲಿನ ಉಪದೇಶದ ತಾತ್ಪರ್ಯ. ಮಕ್ಕಳ ಮೇಲೆ ಅಪನಂಬಿಕೆ ಇಡಿ ಎಂದು ನಾವು ಹೇಳುತ್ತಿಲ್ಲ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಹಾಕಬೇಡಿ ಎನ್ನುತ್ತಿದ್ದೇವೆ.

ದೇಶದ ಕಾನೂನು ಕೂಡ ನಿಮ್ಮ ಪರವಾಗಿದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಸ್ವಂತ ದುಡಿಮೆ, ಆಸ್ತಿಯಿಂದ ಬದುಕಲಾಗದ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಯವರ, ಅಂದರೆ ನಾವು ಎ.ಸಿ. ಎನ್ನುವವರ, ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಾವೇ ಹೋಗಲಾಗದಿದ್ದರೆ, ತಾವು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆಯ ಮೂಲಕ ಕೊಡಬಹುದು. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಗೊತ್ತುಪಡಿಸಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಎಲ್ಲಿಯಾದರೂ ಬಿಟ್ಟುಹೋದರೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಉಂಟು.

ಇದೇ ಕಾಯ್ದೆಯ 23ನೆಯ ಕಲಮನ್ನು ವಿಶೇಷವಾಗಿ ನೆನಪಿಡಿ. ನನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಪಡೆದವರು ಮಾತು ತಪ್ಪಿದರೆ, ಆ ದಾನಪತ್ರವನ್ನು ರದ್ದುಪಡಿಸಬಹುದು. ಆದರೆ ಅಂಥ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಅರ್ಥಮಾಡಬೇಕೆಂದು ಹೇಳಿ, ಮಧ್ಯಪ್ರದೇಶದ ತಾಯಿಯೊಬ್ಬರು ಮಗನಿಗೆ ಬರೆದುಕೊಟ್ಟಿದ್ದ ದಾನಪತ್ರದ ರದ್ದತಿಯನ್ನು ಎತ್ತಿಹಿಡಿಯಿತು. ನಮಗೆ ಪಾಠವಿಷ್ಟೇ: ಬರೆದುಕೊಡಲೇಬೇಕೆಂದಿದ್ದರೆ, ಕೊನೆಯವರೆಗೂ ಅನ್ನ, ವಸತಿ, ಔಷಧಿ ಕೊಡಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ.

ಧರ್ಮಕೇಂದ್ರವಾಗಿ ನಾವು ಮಾಡಬೇಕಾದದ್ದು

ಲೋಕ ಈಗ ಎಚ್ಚರಗೊಳ್ಳುತ್ತಿದೆ. ಜೂನ್ 15ನ್ನು ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಜಾಗೃತಿ ಮೂಡಿಸುವ ದಿನವೆಂದು 2006ರಿಂದ ಆಚರಿಸಲಾಗುತ್ತಿದೆ. 2011ರಲ್ಲಿ ವಿಶ್ವಸಂಸ್ಥೆ ಅದಕ್ಕೆ ಮನ್ನಣೆ ನೀಡಿತು. 2025ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದ ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ, ಈ ಹಬ್ಬದ ಆಸುಪಾಸಿನಲ್ಲಿ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನವನ್ನಾಗಿ ಸ್ಥಾಪಿಸಿದರು. ಒಂದು ದಿನ ಶಾಲು ಹೊದಿಸಿ, ಹಣ್ಣು ಕೊಟ್ಟು, ಫೋಟೋ ತೆಗೆಸಿಕೊಂಡರೆ ಸಾಲದು. ಪಾಲನಾ ಸಮಿತಿಯೊಡನೆ ಮಾತಾಡಿ ನಾಲ್ಕು ಕೆಲಸಗಳನ್ನು ನಿಶ್ಚಯಿಸಿದ್ದೇವೆ.

ಮೊದಲನೆಯದಾಗಿ, ಮನೆಯಲ್ಲೇ ಇರುವ ಹಿರಿಯರಿಗೆ ಪರಮಪ್ರಸಾದ ಒಯ್ಯುವಾಗ ಇನ್ನು ಮುಂದೆ ಇಬ್ಬರು ಹೋಗುತ್ತೇವೆ. ಒಬ್ಬರು ಮನೆಯವರೊಡನೆ ಮಾತಾಡುತ್ತಾರೆ, ಇನ್ನೊಬ್ಬರು ಹಿರಿಯರ ಬಳಿ ಐದು ನಿಮಿಷ ಒಬ್ಬರೇ ಕೂರುತ್ತಾರೆ. ಕೇಳಬೇಕಾದದ್ದು ಮೂರೇ ಪ್ರಶ್ನೆ: ಊಟ, ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ? ನಿಮ್ಮ ಪಾಸ್‌ಪುಸ್ತಕ ಯಾರ ಹತ್ತಿರ ಇದೆ? ಯಾರಿಗಾದರೂ ಹೆದರುತ್ತೀರಾ? ಒಂದು ಸಲಕ್ಕೆ ಉತ್ತರ ಬಾರದು. ಮತ್ತೆ ಮತ್ತೆ ಹೋಗೋಣ.

ಎರಡನೆಯದಾಗಿ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಕಿರು ಕ್ರೈಸ್ತ ಸಮುದಾಯದ ಒಬ್ಬರು ವಾರದಲ್ಲಿ ಒಂದು ಮಧ್ಯಾಹ್ನ ಹೋಗಿ ಕೂರಬೇಕು. ಆ ಮೂರು ಗಂಟೆ ಸೊಸೆಗೋ ಮಗಳಿಗೋ ಬಿಡುವು. ಆಕೆ ನಿದ್ದೆ ಮಾಡಲಿ, ತವರಿಗೆ ಹೋಗಿ ಬರಲಿ. ದಣಿದ ಕೈಯೇ ಮೊದಲು ಏಳುವುದು.

ಮೂರನೆಯದಾಗಿ, ಏನಾದರೂ ತಿಳಿದುಬಂದರೆ ಅವಸರ ಬೇಡ, ಅಲಕ್ಷ್ಯವೂ ಬೇಡ. ಬೀದಿಯಲ್ಲಿ ನಿಂತು ಮಗನನ್ನು ಬೈದರೆ, ಅಂದು ರಾತ್ರಿ ಅದೇ ಮನೆಯಲ್ಲಿ ಮಲಗಬೇಕಾದವರು ಆ ತಾಯಿ. ಅವರಿಗೆ ಏನು ಬೇಕೆಂದು ಅವರನ್ನೇ ಕೇಳೋಣ. ಹಿರಿಯರ ಸಹಾಯವಾಣಿ 14567 ದೇಶದಾದ್ಯಂತ ಇದೆ, ಕರೆಗೆ ಹಣವಿಲ್ಲ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಕಾಯಬಾರದು, ಕೂಡಲೇ 112ಕ್ಕೆ ಕರೆ ಮಾಡಬೇಕು. ಈ ಎರಡು ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಗುಡಿಯ ಬಾಗಿಲಿಗೆ ಅಂಟಿಸಿದ್ದೇವೆ.

ನಾಲ್ಕನೆಯದಾಗಿ, ದಾನಿಗಳ ಹೆಸರುಗಳನ್ನು ಇನ್ನು ಪೀಠದಿಂದ ಓದುವುದಿಲ್ಲ. ಕಾರಣ ಈಗಾಗಲೇ ಹೇಳಿದ್ದೇವೆ.

ಮಂಚ ಬಿಟ್ಟುಕೊಟ್ಟ ಸಂತೆ

1839ರ ಚಳಿಗಾಲದಲ್ಲಿ, ಫ್ರಾನ್ಸಿನ ಸೇಂಟ್ ಸರ್ವಾನ್ ಎಂಬ ಊರಿನಲ್ಲಿ, ಜೀನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣು ಕಾಣದ, ಅರ್ಧ ಮೈ ಸ್ವಾಧೀನವಿಲ್ಲದ ಮುದುಕಿಯೊಬ್ಬರನ್ನು ತನ್ನ ಮನೆಗೆ ಕರೆತಂದರು. ತನ್ನ ಮಂಚವನ್ನು ಆಕೆಗೆ ಬಿಟ್ಟುಕೊಟ್ಟು ತಾನು ಅಟ್ಟದಲ್ಲಿ ಮಲಗಿದರು. ಆ ಮುದುಕಿಯ ಹೆಸರೂ ಇಂದಿನ ಸಂತೆಯ ಹೆಸರೇ, ಆನ್. ಹೀಗೆ ಒಂದು ಮಂಚದಿಂದ ಹುಟ್ಟಿದ್ದು ಬಡವರ ಕಿರಿಯ ಸಹೋದರಿಯರ ಸಭೆ. ಬೆಂಗಳೂರಿನಲ್ಲಿ ಆ ಸಹೋದರಿಯರು 1900ರಿಂದ ಬಡ ಹಿರಿಯರ ಸೇವೆ ಮಾಡುತ್ತಿದ್ದಾರೆ. ಜೀನ್ ಜುಗಾನ್‌ರವರನ್ನು 2009ರಲ್ಲಿ ಸಂತರ ಸಾಲಿಗೆ ಸೇರಿಸಲಾಯಿತು.

ಅವರ ಬದುಕಿನ ಇನ್ನೊಂದು ಭಾಗವನ್ನು ನಾವು ಗುರುಗಳು ಮರೆಯಬಾರದು. ಸಭೆಯ ಮೇಲ್ವಿಚಾರಣೆ ನೋಡುತ್ತಿದ್ದ ಗುರುವೊಬ್ಬರು ಸ್ಥಾಪಕರ ಹೆಸರನ್ನು ತಾವು ತೆಗೆದುಕೊಂಡು ಆಕೆಯನ್ನು ಬದಿಗೆ ಸರಿಸಿದರು. 1852ರಿಂದ 1879ರಲ್ಲಿ ಕಣ್ಣುಮುಚ್ಚುವವರೆಗೆ, 27 ವರ್ಷ, ಆಕೆ ಮೂಲೆಯಲ್ಲೇ ಉಳಿದರು. ಜೊತೆಗಿದ್ದ ಎಳೆಯ ಸಹೋದರಿಯರಿಗೇ ಈ ಸಭೆ ಹುಟ್ಟಿದ್ದು ಯಾರಿಂದ ಎಂದು ತಿಳಿದಿರಲಿಲ್ಲ. ಆ ಹಿರಿಯ ತಾಯಿಯೂ ಹೇಳಲಿಲ್ಲ. ಅಲ್ಲಿಯೂ ಯಾರೂ ಕೇಳಲಿಲ್ಲ.

ನಮ್ಮ ಅಜ್ಜಿಯ ಕಥೆ ಏನಾಯಿತೆಂದು ಕೇಳುತ್ತೀರಿ. ಸ್ವಾಮಿಯವರಿಗೆ ಹೇಳಲು ಅಜ್ಜಿಯನ್ನು ಒಪ್ಪಿಸಲು ಸಿಸ್ಟರಿಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ನಾವು ಮಗನನ್ನು ಕರೆಯಲಿಲ್ಲ, ನಾವೇ ಅವರ ಮನೆಗೆ ಹೋದೆವು. ಮೊದಲು ಸಿಟ್ಟಾದರು. ಆಮೇಲೆ ತಲೆ ತಗ್ಗಿಸಿದರು. ನೀರು ಬಾರದ ಎರಡು ಕೊಳವೆಬಾವಿಗಳ ಸಾಲ, ರಾತ್ರಿಯಿಡೀ ಎದ್ದು ಹೊರಟುಬಿಡುವ ತಾಯಿ, ವರ್ಷಗಟ್ಟಲೆ ನಿದ್ದೆಯಿಲ್ಲದ ಹೆಂಡತಿ, ಎಲ್ಲವನ್ನೂ ಹೇಳಿಕೊಂಡರು. ಅದು ನೆಪವಲ್ಲ, ಕ್ಷಮೆಯೂ ಅಲ್ಲ. ಆದರೆ ಅದನ್ನೂ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬೀಗ ಹೋಯಿತು. ಹೊಸ ಮನೆಯ ಮುಂದಿನ ಕೋಣೆಗೆ ಅಜ್ಜಿಯ ಮಂಚ ಬಂತು. ಪಾಸ್‌ಪುಸ್ತಕ ಅವರ ದಿಂಬಿನ ಕೆಳಗೆ ಬಂತು. ಜಮೀನು ಮಾತ್ರ ಅವರ ಹೆಸರಿಗೆ ಮರಳಲಿಲ್ಲ, ಅದಾಗಲೇ ಸಾಲಕ್ಕೆ ಹೋಗಿತ್ತು. ಅಜ್ಜಿ ಆ ಕೋಣೆಯಲ್ಲಿ ಹದಿನಾಲ್ಕು ತಿಂಗಳು ಬದುಕಿದರು. ಈ ಸಂಗತಿ ಹೇಳಲೇ ಎಂದು ಕಳೆದ ವರ್ಷ ಅವರ ಮಗನನ್ನು ಕೇಳಿದೆವು. "ಹೇಳಿ ಸ್ವಾಮಿ. ನಾನು ತಡವಾಗಿ ತಿಳಿದುಕೊಂಡೆ, ಬೇರೆಯವರಾದರೂ ಬೇಗ ತಿಳಿದುಕೊಳ್ಳಲಿ" ಎಂದರು.

ಪ್ರಿಯರೇ, ಇಂದು ಬಲಿಪೂಜೆ ಮುಗಿಸಿ ಮನೆಗೆ ಹೋದಾಗ ಹಬ್ಬದ ಊಟಕ್ಕೆ ಕೂರುವ ಮೊದಲು ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. "ಹೇಗಿದ್ದೀರಿ?" ಎಂದು ಕೇಳಿ. ದೇವರು ಇಟ್ಟ ಹಾಗೆ ಇದ್ದೇನೆ ಎಂಬ ಉತ್ತರ ಬಂದರೆ ಅಷ್ಟಕ್ಕೇ ಎದ್ದು ಬರಬೇಡಿ. ಇನ್ನೊಂದು ಸಲ ಕೇಳಿ.

ಪ್ರಾರ್ಥಿಸೋಣ: ಪ್ರಭು ಯೇಸುವೇ, ಅಜ್ಜ ಅಜ್ಜಿಯರ ಮನೆಯಿಂದ ಬಂದ ತಾಯಿಯ ಮಡಿಲಲ್ಲಿ ಬೆಳೆದವರು ನೀವು. ಬಾಗಿಲ ಹಿಂದೆ ಸುಮ್ಮನೆ ನೋಯುತ್ತಿರುವ ಹಿರಿಯರ ದನಿಯನ್ನು ಕೇಳುವ ಕಿವಿ ನಮಗೆ ಕೊಡಿ. ಅವರನ್ನು ನೋಡಿಕೊಳ್ಳುತ್ತಾ ದಣಿದವರಿಗೆ ತಾಳ್ಮೆಯನ್ನೂ ಜೊತೆಗಾರರನ್ನೂ ಕೊಡಿ. ನೋಡಿಯೂ ಕೇಳದೆ ಬಂದ ನಮ್ಮನ್ನು ಕ್ಷಮಿಸಿ. ಸಂತ ಜೋಕಿಮರೇ, ಸಂತ ಅನ್ನಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.